ಪುಸ್ತಕ ನೋಡಿಕೊಂಡು ಜಡೆ ವಿನ್ಯಾಸದ ಕಾರ್ಡಿಗನ್ ಹೆಣೆಯುವುದು: ಘಟ್ಟದ ಮೇಲಿನವರಿಗೂ ಕರಾವಳಿಯವರಿಗೂ ಒಂದು ಸಮಗ್ರ ಮಾರ್ಗದರ್ಶಿ

ಮುಂದುಗಡೆ ಗುಂಡಿ ಹಾಕಿಕೊಳ್ಳುವ ಸ್ವೆಟರಿಗೆ ಕಾರ್ಡಿಗನ್ ಎನ್ನುತ್ತಾರೆ. ಅದರ ಮೈಮೇಲೆ ಜಡೆ ಹಾಕಿದಂತೆ ಉಬ್ಬಿ ನಿಲ್ಲುವ ಕೇಬಲ್ ವಿನ್ಯಾಸವನ್ನು ಕಂಡಾಗ, ಮಫ್ಲರು ಮತ್ತು ಮಕ್ಕಳ ಕುಲಾವಿ ಹೆಣೆದು ಕೈ ಪಳಗಿಸಿಕೊಂಡವರೂ ಇದು ತಮ್ಮಿಂದಾಗದು ಎಂದು ಪುಸ್ತಕ ಮುಚ್ಚಿಡುವುದುಂಟು. ನಿಜ ಹೇಳಬೇಕೆಂದರೆ ಈ ಕೆಲಸದಲ್ಲಿ ಜಡೆ ದಾಟಿಸುವುದೇ, ಅಂದರೆ ಕೆಲವು ಕುಣಿಕೆಗಳನ್ನು ಪಕ್ಕದವುಗಳನ್ನು ದಾಟಿಸಿ ಹೆಣೆಯುವುದೇ, ಎಲ್ಲಕ್ಕಿಂತ ಸುಲಭ. ಕಾರ್ಡಿಗನ್ ಕೆಡುವುದು ಒಂದೋ ಕಡ್ಡಿ ಹಿಡಿಯುವ ಮೊದಲು, ಇಲ್ಲವೇ ಕಡ್ಡಿ ಕೆಳಗಿಟ್ಟ ಮೇಲೆ. ಅಂದರೆ ಪುಸ್ತಕವನ್ನು ಸರಿಯಾಗಿ ಓದದೆ ಆರಂಭಿಸಿದಾಗ ಅಥವಾ ತುಂಡುಗಳನ್ನು ಅವಸರದಲ್ಲಿ ಜೋಡಿಸಿದಾಗ. ಆದ್ದರಿಂದ ಇಲ್ಲಿ ಆ ಎರಡಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ. ಕುಣಿಕೆ ಹಾಕಿಕೊಳ್ಳುವುದು, ಸೀದಾ ಮತ್ತು ಉಲ್ಟಾ ಹೆಣೆಯುವುದು, ಕುಣಿಕೆ ಹೆಚ್ಚಿಸುವುದು, ಇಳಿಸುವುದು, ಕೊನೆಗೆ ಮುಚ್ಚುವುದು ಇಷ್ಟು ನಿಮಗೆ ಬರುತ್ತದೆ ಎಂದು ಭಾವಿಸಿಕೊಂಡಿದ್ದೇನೆ. ಪುಸ್ತಕಗಳು ನಿಟ್ ಎನ್ನುವುದನ್ನು ಇಲ್ಲಿ ಸೀದಾ ಎಂದೂ, ಪರ್ಲ್ ಎನ್ನುವುದನ್ನು ಉಲ್ಟಾ ಎಂದೂ ಕರೆಯುತ್ತೇನೆ.

ಯಾವಾಗ ಆರಂಭಿಸಬೇಕು, ಯಾವ ನೂಲು ಕೊಳ್ಳಬೇಕು

ಸುಮಾರು 600 ಮೀಟರ್ ಎತ್ತರದಲ್ಲಿರುವ ಶಿರಸಿಯಲ್ಲಿ, ಹಾಗೆಯೇ ಸಿದ್ದಾಪುರ, ಯಲ್ಲಾಪುರಗಳ ಕಡೆಯಲ್ಲಿ ಡಿಸೆಂಬರ್, ಜನವರಿಯ ಬೆಳಗುಗಳು ಸ್ವೆಟರ್ ಬೇಡುತ್ತವೆ. ಮಳೆಗಾಲದಲ್ಲಿ ಮನೆಯೊಳಗೆ ಕುಳಿತು ಮಾಡುವ ಕೆಲಸವಾದ್ದರಿಂದ ಜೂನ್‌ನಲ್ಲಿ ಕುಣಿಕೆ ಹಾಕಿಕೊಂಡು, ದೀಪಾವಳಿಯ ಹೊತ್ತಿಗೆ ತುಂಡುಗಳನ್ನು ಮುಗಿಸಿ, ನವೆಂಬರ್‌ನ ಒಣ ಹವೆಯಲ್ಲಿ ಒಗೆದು ಜೋಡಿಸುವ ಕ್ರಮ ನಮ್ಮ ಕಡೆಗೆ ಚೆನ್ನಾಗಿ ಹೊಂದುತ್ತದೆ. ನೂಲನ್ನು ಮಾತ್ರ ಮಳೆ ಹಿಡಿಯುವ ಮೊದಲೇ ಕೊಂಡು, ಮಾದರಿ ತುಂಡನ್ನು ಮೇ ತಿಂಗಳ ಬಿಸಿಲಿರುವಾಗಲೇ ಹೆಣೆದು, ಒಗೆದು, ಒಣಗಿಸಿ ಅಳೆದುಕೊಂಡಿರಬೇಕು. ಜುಲೈನಲ್ಲಿ ಒದ್ದೆಯಾದ ಉಣ್ಣೆಯ ತುಂಡು ಒಣಗುವುದನ್ನು ಕಾಯುತ್ತ ಕುಳಿತರೆ ಉತ್ಸಾಹವೇ ಆರಿಹೋಗುತ್ತದೆ.

ಅಂಗಡಿಗಳಲ್ಲಿ ಉಲ್ಲನ್ ಎಂದು ಸಿಗುವ ಉಂಡೆಗಳಲ್ಲಿ ಹೆಚ್ಚಿನವು ಅಕ್ರಿಲಿಕ್. ಅದು ಅಗ್ಗ, ಒಗೆಯಲು ಸುಲಭ, ಹುಳ ಹಿಡಿಯುವುದಿಲ್ಲ. ಆದರೆ ನಿಜವಾದ ಉಣ್ಣೆಯನ್ನು ನೀರಿನಲ್ಲಿ ನೆನೆಸಿ, ಹರವಿ, ಬೇಕಾದ ಅಳತೆಗೆ ಕೂಡಿಸಬಹುದು. ಅಕ್ರಿಲಿಕ್ ಆ ಮಾತು ಕೇಳುವುದಿಲ್ಲ, ಹೆಣೆದಾಗ ಯಾವ ಅಳತೆ ಬಂತೋ ಹೆಚ್ಚು ಕಡಿಮೆ ಅದೇ ಅಳತೆ. ಮೊದಲ ಕಾರ್ಡಿಗನ್ನಿಗೆ ಅರ್ಧದಷ್ಟಾದರೂ ಉಣ್ಣೆ ಬೆರೆತ ನೂಲನ್ನು ನಾನು ಸೂಚಿಸುತ್ತೇನೆ. ಕಾರವಾರ, ಅಂಕೋಲಾ, ಕುಮಟಾದವರು ಬೆಂಗಳೂರಿನ ರಾತ್ರಿ ಬಸ್ಸಿಗೆಂದು ಹೆಣೆದುಕೊಳ್ಳುವುದಾದರೆ ಹತ್ತಿ ಬೆರೆತ ನೂಲು ಸಾಕು. ಆದರೆ ಹತ್ತಿ ಭಾರದಿಂದ ಕೆಳಕ್ಕೆ ಜಗ್ಗುತ್ತದೆ, ಆದ್ದರಿಂದ ಉದ್ದವನ್ನು ಸ್ವಲ್ಪ ಕಡಿಮೆ ಇಟ್ಟುಕೊಳ್ಳಬೇಕು. ಕಂಬಳಿ ನೇಯುವ ದಖ್ಖನಿ ಕುರಿಯ ಉಣ್ಣೆ ಒರಟಾದದ್ದು, ಮೈಗೆ ಚುಚ್ಚುತ್ತದೆ, ಜಡೆಯ ಅಂಚೂ ಅದರಲ್ಲಿ ಸ್ಪಷ್ಟವಾಗಿ ಮೂಡುವುದಿಲ್ಲ.

ಬಣ್ಣದ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತವಾಗಿದೆ: ತಿಳಿ ಬಣ್ಣದ, ಒಂದೇ ವರ್ಣದ ನೂಲು. ಜಡೆಯ ಅಂದವೆಲ್ಲ ಅದರ ಉಬ್ಬು ಬೀಳಿಸುವ ನೆರಳಿನಲ್ಲಿದೆ. ಕಪ್ಪು ಅಥವಾ ಗಾಢ ನೀಲಿಯಲ್ಲಿ ಆ ನೆರಳು ಕಾಣುವುದೇ ಇಲ್ಲ, ಬಣ್ಣ ಬಣ್ಣ ಬೆರೆತ ನೂಲಿನಲ್ಲಿ ವಿನ್ಯಾಸ ಕಳೆದುಹೋಗುತ್ತದೆ. ಮೋಡ ಕವಿದ ಮಧ್ಯಾಹ್ನ ಕರೆಂಟ್ ಹೋದಾಗ ಕಿಟಕಿಯ ಬೆಳಕಿನಲ್ಲಿ ಕುಣಿಕೆ ಎಣಿಸಬೇಕಾಗುವುದರಿಂದ ತಿಳಿ ಬಣ್ಣ ಕಣ್ಣಿಗೂ ಹಿತ. ಉಂಡೆಗೆ ಸುತ್ತಿದ ಕಾಗದದ ಪಟ್ಟಿಯ ಮೇಲೆ ಡೈ ಲಾಟ್ ಸಂಖ್ಯೆ, ಅಂದರೆ ಒಟ್ಟಿಗೆ ಬಣ್ಣ ಹಾಕಿದ ಕಂತಿನ ಸಂಖ್ಯೆ, ಮುದ್ರಿತವಾಗಿರುತ್ತದೆ. ಎಲ್ಲ ಉಂಡೆಗಳಲ್ಲೂ ಅದು ಒಂದೇ ಆಗಿರಬೇಕು. ಜಡೆ ವಿನ್ಯಾಸಕ್ಕೆ ಸಾದಾ ಹೆಣಿಗೆಗಿಂತ ಹೆಚ್ಚು ನೂಲು ಹಿಡಿಯುತ್ತದೆ. ಡಿಕೆ (ಡಬಲ್ ನಿಟಿಂಗ್) ಎನ್ನುವ ಮಧ್ಯಮ ದಪ್ಪದ ನೂಲಿನಲ್ಲಿ ಮಧ್ಯಮ ಅಳತೆಯ ಹೆಂಗಸರ ಕಾರ್ಡಿಗನ್ನಿಗೆ 600 ಗ್ರಾಂ ಲೆಕ್ಕ ಇಟ್ಟುಕೊಂಡು, ಅದರ ಮೇಲೆ ಒಂದು ಉಂಡೆ ಹೆಚ್ಚಿಗೆ ಕೊಳ್ಳುವುದು ಕ್ಷೇಮ. ಅದೇ ಲಾಟಿನ ನೂಲು ಮೂರು ತಿಂಗಳ ನಂತರ ಅದೇ ಅಂಗಡಿಯಲ್ಲಿ ಸಿಗುವ ಭರವಸೆ ಇರುವುದಿಲ್ಲ.

ಪುಸ್ತಕವನ್ನು ಓದುವುದು

ಪುಸ್ತಕ ಬ್ರಿಟನ್ನಿನದೋ ಅಮೆರಿಕದ್ದೋ ಎಂಬುದನ್ನು ಎಲ್ಲಕ್ಕಿಂತ ಮೊದಲು ತಿಳಿದುಕೊಳ್ಳಬೇಕು. ನಮ್ಮ ಮನೆಗಳ ಕಪಾಟುಗಳಲ್ಲಿರುವ ಹಳೆಯ ಪುಸ್ತಕಗಳಲ್ಲಿ ಕಡ್ಡಿಯ ಅಳತೆ ಮಿಲಿಮೀಟರಿನಲ್ಲಿ ಇರದೆ ನಂಬರಿನಲ್ಲಿ ಇರುವುದರಿಂದ ಇದು ಮುಖ್ಯ. ಹಳೆಯ ಬ್ರಿಟಿಷ್ ಕ್ರಮದಲ್ಲಿ 8ನೇ ನಂಬರಿನ ಕಡ್ಡಿ 4 ಮಿ.ಮೀ., ಅಮೆರಿಕದ ಕ್ರಮದಲ್ಲಿ 8 ಎಂದರೆ 5 ಮಿ.ಮೀ. ಬ್ರಿಟಿಷ್ ಕ್ರಮದಲ್ಲಿ ನಂಬರು ಏರಿದಂತೆ ಕಡ್ಡಿ ತೆಳುವಾಗುತ್ತದೆ, 10 ಎಂದರೆ 3.25 ಮಿ.ಮೀ.; ಅಮೆರಿಕದಲ್ಲಿ ನಂಬರು ಏರಿದಂತೆ ಕಡ್ಡಿ ದಪ್ಪವಾಗುತ್ತದೆ, 10 ಎಂದರೆ 6 ಮಿ.ಮೀ. ಈ ಒಂದು ಗೊಂದಲದಿಂದ ದೊಡ್ಡವರಿಗೆಂದು ಹೆಣೆದದ್ದು ಮಕ್ಕಳ ಅಳತೆಗೆ ಬರಬಹುದು. ಕಡ್ಡಿಯ ತಲೆಯ ಮೇಲಿನ ಅಂಕಿಯನ್ನು ನಂಬುವುದಕ್ಕಿಂತ ಮಿಲಿಮೀಟರನ್ನು ನೋಡಿಕೊಂಡು ಕೊಳ್ಳುವುದೇ ಸರಿ. ಹೆಸರುಗಳೂ ಬದಲಾಗುತ್ತವೆ: ಬ್ರಿಟನ್ನಿನ ಪುಸ್ತಕ ಮಾಸ್ ಸ್ಟಿಚ್ ಎನ್ನುವುದನ್ನು ಅಮೆರಿಕದ ಪುಸ್ತಕ ಸೀಡ್ ಸ್ಟಿಚ್ ಎನ್ನುತ್ತದೆ, ಹೆಣಿಗೆಯ ಹದವನ್ನು ಹೇಳುವ ಟೆನ್ಷನ್ ಎಂಬುದು ಅಲ್ಲಿ ಗೇಜ್ ಆಗುತ್ತದೆ, ಕುಣಿಕೆ ಮುಚ್ಚುವ ಕಾಸ್ಟ್ ಆಫ್ ಎಂಬುದು ಬೈಂಡ್ ಆಫ್ ಆಗುತ್ತದೆ.

ಎರಡನೆಯದಾಗಿ ಅಳತೆಯ ಸಾಲು. ಪುಸ್ತಕದಲ್ಲಿ ಎರಡು ಬಗೆಯ ಎದೆಯಳತೆ ಇರುತ್ತದೆ. ಒಂದು, ತೊಡುವವರ ಮೈಯಳತೆ. ಇನ್ನೊಂದು, ಹೆಣೆದು ಮುಗಿದ ಉಡುಪಿನ ಅಳತೆ. ಇವೆರಡರ ನಡುವಿನ ವ್ಯತ್ಯಾಸವೇ ಉಡುಪಿನ ಸಡಿಲು. ಕುಪ್ಪಸದ ಮೇಲೆ ಸೀರೆಯ ಸೆರಗು, ಅದರ ಮೇಲೆ ಕಾರ್ಡಿಗನ್ ಹಾಕಿಕೊಳ್ಳುವವರಿಗೆ 10 ಸೆಂ.ಮೀ. ಸಡಿಲು ಬೇಕೇ ಬೇಕು. ಮೈಯನ್ನು ಅಳೆಯುವುದಕ್ಕಿಂತ, ಈಗಾಗಲೇ ಮೈಗೆ ಒಪ್ಪುವ ಒಂದು ಸ್ವೆಟರನ್ನು ನೆಲದ ಮೇಲೆ ಚಪ್ಪಟೆಯಾಗಿ ಹರವಿ ಅಗಲ, ಉದ್ದ, ತೋಳುಗಳನ್ನು ಟೇಪಿನಿಂದ ಅಳೆದು ಪುಸ್ತಕದ ಅಂಕಿಗಳೊಂದಿಗೆ ಹೋಲಿಸುವುದು ಹೆಚ್ಚು ನಂಬಿಕೆಯ ದಾರಿ. ಇಂಚು ಅಥವಾ ಸೆಂಟಿಮೀಟರು, ಯಾವುದಾದರೂ ಒಂದನ್ನೇ ಕೊನೆಯವರೆಗೆ ಹಿಡಿಯಬೇಕು.

ಒಂದೇ ಸೂಚನೆಯಲ್ಲಿ ನಾಲ್ಕೈದು ಅಳತೆಗಳ ಅಂಕಿಗಳು ಆವರಣದೊಳಗೆ ಸಾಲಾಗಿ ಬರುತ್ತವೆ. ನಿಮ್ಮ ಅಳತೆ ಎಷ್ಟನೆಯದೋ ನೋಡಿಕೊಂಡು, ಇಡೀ ಸೂಚನೆಯಲ್ಲಿ ಆ ಸ್ಥಾನದ ಅಂಕಿಗಳನ್ನೆಲ್ಲ ಪೆನ್ಸಿಲಿನಿಂದ ಸುತ್ತು ಹಾಕಿ. ಒಂದೇ ಅಂಕಿ ಕೊಟ್ಟಿದ್ದರೆ ಅದು ಎಲ್ಲ ಅಳತೆಗೂ ಅನ್ವಯಿಸುತ್ತದೆ. ಪುಸ್ತಕದ ಮೇಲೆ ಗೀಚಲು ಮನಸ್ಸಿಲ್ಲದಿದ್ದರೆ, ಸ್ವಂತ ಬಳಕೆಗೆ ಆ ಪುಟಗಳನ್ನು ದೊಡ್ಡದಾಗಿ ಝೆರಾಕ್ಸ್ ಮಾಡಿಸಿಕೊಳ್ಳಬಹುದು. ವಿನ್ಯಾಸದ ಚಾರ್ಟಿನ ಮನೆಗಳು ದೊಡ್ಡದಾದಷ್ಟೂ ಒಳ್ಳೆಯದು.

ಚಾರ್ಟನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಮುಂಬದಿಯ ಸಾಲುಗಳನ್ನು ಬಲದಿಂದ ಎಡಕ್ಕೂ, ಹಿಂಬದಿಯ ಸಾಲುಗಳನ್ನು ಎಡದಿಂದ ಬಲಕ್ಕೂ ಓದಬೇಕು, ಏಕೆಂದರೆ ಚಾರ್ಟ್ ತೋರಿಸುವುದು ಬಟ್ಟೆಯನ್ನು ಮುಂದಿನಿಂದ ನೋಡಿದಾಗ ಕಾಣುವ ರೂಪವನ್ನು. ಎಡದಿಂದಲೇ ಓದಿ ರೂಢಿಯಾದ ನಮ್ಮ ಕಣ್ಣಿಗೆ ಇದು ಮೊದಲ ಹತ್ತಿಪ್ಪತ್ತು ಸಾಲುಗಳಲ್ಲಿ ತೊಡಕೆನಿಸುತ್ತದೆ. ಸದ್ಯ ಹೆಣೆಯುತ್ತಿರುವ ಸಾಲಿನ ಮೇಲಂಚಿಗೆ ಒಂದು ಸ್ಕೇಲ್ ಇಟ್ಟುಕೊಳ್ಳಿ. ಕೆಲವರು ಕೆಳಗಂಚಿಗೆ ಇಡುತ್ತಾರೆ. ಅದು ಸರಿಯಲ್ಲ, ಏಕೆಂದರೆ ಹೆಣೆದು ಮುಗಿದ ಸಾಲುಗಳು ಕಣ್ಣಿಗೆ ಕಾಣುತ್ತಿದ್ದರೆ ಮಾತ್ರ ಕಡ್ಡಿಯ ಮೇಲಿರುವುದನ್ನು ಅವುಗಳೊಂದಿಗೆ ತಾಳೆ ನೋಡಲು ಸಾಧ್ಯ.

ಜಡೆ ಹೇಗೆ ದಾಟಿಸಬೇಕೆಂದು ಹೇಳುವ ಸಿ6ಎಫ್, ಸಿ6ಬಿ ಮುಂತಾದ ಸಂಕೇತಗಳ ಅರ್ಥವನ್ನು ಆಯಾ ಪುಸ್ತಕದ ವಿವರಣೆಯ ಪುಟದಲ್ಲೇ ಓದಬೇಕು. ಒಂದೇ ಅಕ್ಷರಗಳನ್ನು ಬೇರೆ ಬೇರೆ ಪುಸ್ತಕಗಳು ಬೇರೆ ಅರ್ಥದಲ್ಲಿ ಬಳಸುವುದುಂಟು. ಕೊನೆಯದಾಗಿ, ಸೂಚನೆಯಲ್ಲಿ ‘ಇದೇ ಸಮಯದಲ್ಲಿ’ ಎಂಬರ್ಥದ ಮಾತು ಎಲ್ಲೆಲ್ಲಿ ಬರುತ್ತದೆಯೋ ಅಲ್ಲಿ ಕೆಂಪು ಗುರುತು ಹಾಕಿ. ಕಂಕುಳದ ಇಳಿಕೆ ಹೆಣೆಯುತ್ತಿರುವಾಗಲೇ ಕೊರಳಿನ ಇಳಿಕೆಯೂ ಆರಂಭವಾಗಬೇಕು ಎನ್ನುವ ಸೂಚನೆ ಸಾಮಾನ್ಯವಾಗಿ ಮುಂದಿನ ಪ್ಯಾರಾದಲ್ಲಿ ಅಡಗಿರುತ್ತದೆ. ಓದುವ ಹೊತ್ತಿಗೆ ಕಂಕುಳ ಮುಗಿದಿರುತ್ತದೆ.

ಮಾದರಿ ತುಂಡು

ಡಿಕೆ ನೂಲಿಗೆ, 4 ಮಿ.ಮೀ. ಕಡ್ಡಿಗೆ ಹೆಚ್ಚಿನ ಪುಸ್ತಕಗಳು ಕೊಡುವ ಹದ ಇದು: ಒಂದು ಸಾಲು ಸೀದಾ ಒಂದು ಸಾಲು ಉಲ್ಟಾ ಹೆಣೆದ ಸಾದಾ ಬಟ್ಟೆಯ 10 ಸೆಂ.ಮೀ. ಚೌಕದಲ್ಲಿ 22 ಕುಣಿಕೆ, 28 ಸಾಲು. ನೀವು 30 ಕುಣಿಕೆ ಹಾಕಿಕೊಂಡು 40 ಸಾಲು ಹೆಣೆದು, ಕಾರ್ಡಿಗನ್ನನ್ನು ಹೇಗೆ ಒಗೆಯುವಿರೋ ಹಾಗೆಯೇ ಅದನ್ನೂ ಒಗೆದು, ಒಣಗಿದ ಮೇಲೆ ನಡುವಿನ 10 ಸೆಂ.ಮೀ.ನಲ್ಲಿ ಎಣಿಸಬೇಕು. ಅಂಚಿನ ಕುಣಿಕೆಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು.

ಎರಡು ಕುಣಿಕೆಯ ವ್ಯತ್ಯಾಸಕ್ಕೇನು ಎನ್ನುವವರಿಗಾಗಿ ಲೆಕ್ಕ ಕೊಡುತ್ತೇನೆ. 92 ಸೆಂ.ಮೀ. ಎದೆಯಳತೆಯವರಿಗೆ 10 ಸೆಂ.ಮೀ. ಸಡಿಲು ಸೇರಿಸಿ 102 ಸೆಂ.ಮೀ. ಸುತ್ತಳತೆ ಬೇಕು, ಬೆನ್ನಿಗೆ ಅದರ ಅರ್ಧ, 51 ಸೆಂ.ಮೀ. ಹತ್ತು ಸೆಂಟಿಮೀಟರಿಗೆ 22ರಂತೆ ಅದು 112 ಸಾದಾ ಕುಣಿಕೆ. ನಿಮ್ಮ ಕೈ ಬಿಗಿಯಾಗಿದ್ದು 24 ಬರುತ್ತಿದ್ದರೆ ಅದೇ 112 ಕುಣಿಕೆ 46.7 ಸೆಂ.ಮೀ.ಗೆ ಕುಗ್ಗುತ್ತದೆ, ಇಡೀ ಸುತ್ತಳತೆ ಸುಮಾರು 93ಕ್ಕೆ ಇಳಿಯುತ್ತದೆ. ಸಡಿಲೆಲ್ಲ ಹೋಗಿ ಗುಂಡಿಗಳು ಬಾಯಿ ಬಿಡುತ್ತವೆ. ಕುಣಿಕೆ ಹೆಚ್ಚು ಬಂದರೆ ಕಾಲು ಅಥವಾ ಅರ್ಧ ಮಿಲಿಮೀಟರ್ ದಪ್ಪದ ಕಡ್ಡಿಗೂ, ಕಡಿಮೆ ಬಂದರೆ ಅಷ್ಟೇ ತೆಳುವಾದ ಕಡ್ಡಿಗೂ ಹೋಗಿ ಇನ್ನೊಂದು ತುಂಡು ಹೆಣೆಯಬೇಕು. ಬೇಕೆಂದೇ ಬಿಗಿಯಾಗಿ ಅಥವಾ ಸಡಿಲವಾಗಿ ಹೆಣೆಯಲು ಹೊರಡಬೇಡಿ; ಸ್ವಲ್ಪ ಹೊತ್ತಿಗೆ ಕೈ ತನ್ನ ಹಳೆಯ ಹದಕ್ಕೇ ಮರಳುತ್ತದೆ.

ಜಡೆಯ ಜಾಗಕ್ಕೆ ಬೇರೆಯೇ ಒಂದು ಲೆಕ್ಕವಿದೆ. ಆರು ಕುಣಿಕೆಯ ಜಡೆಯಲ್ಲಿ ಮೂರು ಕುಣಿಕೆಗಳು ಇನ್ನು ಮೂರರ ಮೇಲೆ ಏರಿ ಕೂರುವುದರಿಂದ ಬಟ್ಟೆ ಅಡ್ಡಕ್ಕೆ ಸೆಳೆದುಕೊಂಡು, ಆರು ಕುಣಿಕೆಗಳು ಸುಮಾರು ನಾಲ್ಕು ಕುಣಿಕೆಯ ಜಾಗವನ್ನಷ್ಟೇ ಹಿಡಿಯುತ್ತವೆ. ಬೆನ್ನಿನಲ್ಲಿ ನಾಲ್ಕು ಜಡೆಗಳಿದ್ದರೆ ಎಂಟು ಕುಣಿಕೆಗಳ ಅಗಲ ಮಾಯವಾಗುತ್ತದೆ, ಅದಕ್ಕಾಗಿ 112ರ ಬದಲು 120 ಬೇಕು. ಬಾರ್ಡರ್ ಮುಗಿದ ಕೂಡಲೇ ಇಷ್ಟು ಕುಣಿಕೆ ಹೆಚ್ಚಿಸಿ ಎಂದು ಪುಸ್ತಕ ಹೇಳುವುದು ಇದೇ ಕಾರಣಕ್ಕೆ. ಈ ತತ್ತ್ವ ಗೊತ್ತಿದ್ದರೆ, ಪುಸ್ತಕದ ಜಡೆಯನ್ನು ಬಿಟ್ಟು ಬೇರೆ ಜಡೆ ಕೂಡಿಸುವಾಗಲೂ ಅಳತೆ ಕೆಡುವುದಿಲ್ಲ.

ಬೆನ್ನಿನ ತುಂಡು

ಉದಾಹರಣೆಗಾಗಿ ಮೇಲೆ ಹೇಳಿದ ಅಳತೆಯನ್ನೇ ಹಿಡಿಯೋಣ. ನಿಮ್ಮ ಪುಸ್ತಕದ ಅಂಕಿಗಳು ಬೇರೆಯಿದ್ದರೂ ನಡೆ ಇದೇ. 3.25 ಮಿ.ಮೀ. ಕಡ್ಡಿಯಲ್ಲಿ 110 ಕುಣಿಕೆ ಹಾಕಿಕೊಂಡು ಎರಡು ಸೀದಾ ಎರಡು ಉಲ್ಟಾ ಬಾರ್ಡರನ್ನು 6 ಸೆಂ.ಮೀ. ಹೆಣೆಯಿರಿ. ನಾಲ್ಕರ ಗುಣಕಕ್ಕೆ ಎರಡು ಸೇರಿಸಿದ ಸಂಖ್ಯೆ ಇಟ್ಟುಕೊಂಡರೆ ಎರಡೂ ಅಂಚಿನಲ್ಲಿ ಸೀದಾ ಕುಣಿಕೆಗಳೇ ಬಂದು, ಮುಂದೆ ಪಕ್ಕದ ಹೊಲಿಗೆ ಕಾಣದಂತೆ ಕೂರುತ್ತದೆ. ಬಾರ್ಡರಿನ ಕೊನೆಯ ಸಾಲಿನಲ್ಲಿ 10 ಕುಣಿಕೆ ಹೆಚ್ಚಿಸಿ 120 ಮಾಡಿಕೊಳ್ಳಬೇಕು. ಪುಸ್ತಕಗಳು ‘ಸಮನಾಗಿ ಹಂಚಿ’ ಎನ್ನುತ್ತವೆ. ನಾನು ಪ್ರತಿ ಜಡೆಯ ಬುಡದಲ್ಲಿ ಎರಡರಂತೆ ಎಂಟನ್ನೂ, ಎರಡು ಪಕ್ಕಗಳಲ್ಲಿ ಒಂದೊಂದನ್ನೂ ಹೆಚ್ಚಿಸುವುದನ್ನೇ ಇಷ್ಟಪಡುತ್ತೇನೆ. ಬಟ್ಟೆ ಸೆಳೆದುಕೊಳ್ಳುವ ಜಾಗದಲ್ಲೇ ಹೆಚ್ಚಳವೂ ಇದ್ದರೆ ಬಾರ್ಡರಿನ ಮೇಲೆ ಸುಕ್ಕು ಬೀಳುವುದಿಲ್ಲ.

ಈಗ 4 ಮಿ.ಮೀ. ಕಡ್ಡಿಗೆ ಬದಲಾಯಿಸಿ. ಒಂದೊಂದು ಜಡೆಯ ಪಟ್ಟಿ 10 ಕುಣಿಕೆಯದು: ಎರಡು ಉಲ್ಟಾ, ಆರು ಸೀದಾ, ಎರಡು ಉಲ್ಟಾ. ಪಕ್ಕದ ಉಲ್ಟಾ ಕುಣಿಕೆಗಳು ತಗ್ಗಾಗಿ ನಿಂತು ಜಡೆಯನ್ನು ಎತ್ತಿ ತೋರಿಸುತ್ತವೆ. ಹಂಚಿಕೆ ಹೀಗಿರಲಿ: 19 ಸಾದಾ, ಪಟ್ಟಿ, 14 ಸಾದಾ, ಪಟ್ಟಿ, 14 ಸಾದಾ, ಪಟ್ಟಿ, 14 ಸಾದಾ, ಪಟ್ಟಿ, 19 ಸಾದಾ. ಪಟ್ಟಿಯ ಎರಡೂ ಬದಿಗೆ ಬೇರೆ ಬಣ್ಣದ ನೂಲಿನ ಉಂಗುರವನ್ನು ಕಡ್ಡಿಗೆ ಸಿಕ್ಕಿಸಿಟ್ಟುಕೊಂಡರೆ ಪ್ರತಿ ಸಾಲಿನಲ್ಲಿ ಎಣಿಸುವ ಕಷ್ಟ ತಪ್ಪುತ್ತದೆ.

ಜಡೆ ದಾಟಿಸುವುದು ಮುಂಬದಿಯ ಸಾಲಿನಲ್ಲಿ. ಸಿ6ಎಫ್ ಎಂದರೆ, ಮುಂದಿನ ಮೂರು ಕುಣಿಕೆಗಳನ್ನು ಹೆಣೆಯದೆ, ತಿರುಚದೆ ಚಿಕ್ಕ ಜಡೆ ಕಡ್ಡಿಗೆ ದಾಟಿಸಿ ಅದನ್ನು ಬಟ್ಟೆಯ ಮುಂದೆ, ನಿಮ್ಮ ಕಡೆಗೆ ಬಿಟ್ಟು, ಎಡ ಕಡ್ಡಿಯ ಮುಂದಿನ ಮೂರನ್ನು ಸೀದಾ ಹೆಣೆದು, ಆಮೇಲೆ ಜಡೆ ಕಡ್ಡಿಯ ಮೂರನ್ನು ಸೀದಾ ಹೆಣೆಯುವುದು. ಇದು ಎಡಕ್ಕೆ ವಾಲುತ್ತದೆ. ಸಿ6ಬಿಯಲ್ಲಿ ಜಡೆ ಕಡ್ಡಿಯನ್ನು ಬಟ್ಟೆಯ ಹಿಂದೆ ಬಿಡುತ್ತೇವೆ, ಅದು ಬಲಕ್ಕೆ ವಾಲುತ್ತದೆ. ಇಷ್ಟೇ. ಎಷ್ಟೇ ಜಟಿಲವಾಗಿ ಕಾಣುವ ಜಡೆಯೂ ಈ ಎರಡರ ಜೋಡಣೆ. ಜಡೆ ಕಡ್ಡಿ ಸಿಗದಿದ್ದರೆ ಎರಡೂ ತುದಿ ಚೂಪಾಗಿರುವ ಯಾವುದೇ ಚಿಕ್ಕ ಕಡ್ಡಿಯಾದೀತು. ಮರಳು ಕಾಗದದಲ್ಲಿ ಉಜ್ಜಿ ನುಣುಪು ಮಾಡಿದ ಬಿದಿರಿನ ಸಿಬಿರೂ ಸಾಕು. ತೆಂಗಿನ ಹಿಡಿಕಡ್ಡಿ ಮಾತ್ರ ಬೇಡ, ಅದರ ಎಳೆಗಳು ನೂಲಿಗೆ ಸಿಕ್ಕಿಕೊಳ್ಳುತ್ತವೆ.

ದಾಟಿಸುವ ಸಾಲಿನಲ್ಲಿ ಕುಣಿಕೆಗಳು ಬಿಗಿದು ಕಡ್ಡಿ ನುಗ್ಗದಿದ್ದರೆ, ಅದರ ಹಿಂದಿನ ಸಾಲಿನಲ್ಲಿ ಆ ಆರು ಕುಣಿಕೆಗಳನ್ನು ಸ್ವಲ್ಪ ಸಡಿಲವಾಗಿ ಹೆಣೆಯಬೇಕು. ಜಡೆಯ ಎಡ ಅಂಚಿನ ಕೊನೆಯ ಕುಣಿಕೆ ಎಲ್ಲರ ಕೈಯಲ್ಲೂ ಸಡಿಲಾಗಿ ಕಾಣುತ್ತದೆ, ಏಕೆಂದರೆ ಸೀದಾದಿಂದ ಉಲ್ಟಾಕ್ಕೆ ಹೋಗುವಾಗ ನೂಲು ಹಿಂದಿನಿಂದ ಮುಂದಕ್ಕೆ ಸುತ್ತಿ ಬರುತ್ತದೆ. ಅದರ ಪಕ್ಕದ ಮೊದಲ ಉಲ್ಟಾ ಕುಣಿಕೆಯನ್ನು ಹೆಣೆದ ಕೂಡಲೇ ನೂಲನ್ನು ಒಮ್ಮೆ ಬಿಗಿಯಾಗಿ ಎಳೆದುಕೊಂಡರೆ ಅದು ಬಹುಮಟ್ಟಿಗೆ ಸರಿಹೋಗುತ್ತದೆ.

ಬಾರ್ಡರಿನ ಮೇಲಿನ 5ನೇ ಸಾಲಿನಲ್ಲಿ ಮೊದಲ ಸಲ, ಆಮೇಲೆ 11, 17, 23 ಹೀಗೆ ಆರು ಸಾಲಿಗೊಮ್ಮೆ ದಾಟಿಸುತ್ತ ಹೋದರೆ, ಕಂಕುಳದವರೆಗಿನ 84 ಸಾಲುಗಳಲ್ಲಿ (30 ಸೆಂ.ಮೀ.) ಪ್ರತಿ ಜಡೆಗೆ 14 ದಾಟುಗಳು ಬರುತ್ತವೆ. ಸಾಲು ಎಣಿಸುವ ಯಂತ್ರ ಸಿಗುತ್ತದೆ, ಆದರೆ ನಮ್ಮ ಕಡೆ ಅದರ ಅಗತ್ಯವೇನೂ ಕಾಣದು: ಒಂದು ಬಟ್ಟಲಿನಲ್ಲಿ ಆರು ಅಡಿಕೆ ಇಟ್ಟುಕೊಂಡು, ಜಡೆ ದಾಟಿಸಿದ ನಂತರ ಸಾಲಿಗೊಂದರಂತೆ ಇನ್ನೊಂದು ಬಟ್ಟಲಿಗೆ ಹಾಕುತ್ತ ಹೋಗಿ, ಆರನೆಯ ಅಡಿಕೆಯ ಸಾಲೇ ಮುಂದಿನ ದಾಟು. ಎಣಿಕೆ ತಪ್ಪಿಹೋದರೆ ಬಟ್ಟೆಯನ್ನೇ ಕೇಳಬಹುದು. ದಾಟಿದ ಜಾಗದಲ್ಲಿ ಚಿಕ್ಕ ಸಂದು ಉಂಟಾಗಿರುತ್ತದೆ, ಅದರೊಳಗೆ ಬೆರಳು ತೂರಿಸಿ ಅಗಲಿಸಿದರೆ ಏಣಿಯ ಮೆಟ್ಟಿಲಿನಂತಹ ಅಡ್ಡ ನೂಲುಗಳು ಕಾಣುತ್ತವೆ. ಅಲ್ಲಿಂದ ಕಡ್ಡಿಯವರೆಗಿನ ಮೆಟ್ಟಿಲುಗಳ ಸಂಖ್ಯೆಯೇ ದಾಟಿದ ಮೇಲೆ ಹೆಣೆದ ಸಾಲುಗಳ ಸಂಖ್ಯೆ.

ಒಂದು ಜಡೆ ತಪ್ಪು ದಿಕ್ಕಿಗೆ ದಾಟಿದ್ದು ಹತ್ತು ಸಾಲಿನ ನಂತರ ಕಣ್ಣಿಗೆ ಬಿದ್ದರೆ ಇಡೀ ತುಂಡನ್ನು ಬಿಚ್ಚಬೇಕಾಗಿಲ್ಲ. ಆ ಆರು ಕುಣಿಕೆಗಳನ್ನು ಮಾತ್ರ ಕಡ್ಡಿಯಿಂದ ಜಾರಿಸಿ ತಪ್ಪಾದ ಸಾಲಿನವರೆಗೆ ಬಿಚ್ಚಿ, ಸರಿಯಾದ ದಿಕ್ಕಿಗೆ ದಾಟಿಸಿ, ಬಿಚ್ಚಿದ ಅಡ್ಡ ನೂಲುಗಳನ್ನು ಕೆಳಗಿನಿಂದ ಒಂದೊಂದಾಗಿ ಬಳಸಿಕೊಂಡು ಎರಡು ಚಿಕ್ಕ ಕಡ್ಡಿಗಳಲ್ಲಿ ಮತ್ತೆ ಹೆಣೆದು ಮೇಲಕ್ಕೆ ಬರಬಹುದು. ಹಗಲು ಬೆಳಕಿನಲ್ಲಿ, ಬಟ್ಟೆಯನ್ನು ಮೇಜಿನ ಮೇಲೆ ಹರವಿಕೊಂಡು ಮಾಡಬೇಕಾದ ಕೆಲಸವಿದು. ಎರಡು ಮೂರು ದಾಟುಗಳಿಗೊಮ್ಮೆ ಒಂದು ಸಾಲಿನ ಎಲ್ಲ ಕುಣಿಕೆಗಳ ಮೂಲಕ ಬೇರೆ ಬಣ್ಣದ ನುಣುಪಾದ ಹತ್ತಿ ದಾರವನ್ನು ಸೂಜಿಯಿಂದ ಹಾಯಿಸಿಟ್ಟರೆ, ಹೆಚ್ಚು ಬಿಚ್ಚಬೇಕಾಗಿ ಬಂದಾಗಲೂ ಅದರಿಂದ ಕೆಳಗೆ ಒಂದು ಕುಣಿಕೆಯೂ ಜಾರುವುದಿಲ್ಲ.

ಕಂಕುಳಕ್ಕೆ ಎರಡೂ ಬದಿಯಲ್ಲಿ ಐದೈದು ಕುಣಿಕೆ ಮುಚ್ಚಿ, ನಂತರ ಸಾಲು ಬಿಟ್ಟು ಸಾಲಿಗೆ ಒಂದೊಂದರಂತೆ ಎಂಟು ಸಲ ಇಳಿಸಿದರೆ 94 ಉಳಿಯುತ್ತದೆ. ಇಳಿಕೆಯನ್ನು ಅಂಚಿನ ಕುಣಿಕೆಯಲ್ಲೇ ಮಾಡದೆ ಒಂದು ಕುಣಿಕೆ ಒಳಗೆ ಮಾಡಿದರೆ ಹೊಲಿಗೆ ಅಚ್ಚುಕಟ್ಟಾಗುತ್ತದೆ. ಬಲ ಅಂಚಿನಲ್ಲಿ ಎಡಕ್ಕೆ ವಾಲುವ ಇಳಿಕೆ, ಎಡ ಅಂಚಿನಲ್ಲಿ ಬಲಕ್ಕೆ ವಾಲುವ ಇಳಿಕೆ ಇರಬೇಕು. ಕಂಕುಳ ಆರಂಭವಾದಲ್ಲಿಂದ 56 ಸಾಲು (20 ಸೆಂ.ಮೀ.) ಹೆಣೆದ ಮೇಲೆ ಭುಜಕ್ಕೆ 28, ಕೊರಳಿಗೆ 38, ಇನ್ನೊಂದು ಭುಜಕ್ಕೆ 28 ಎಂದು ವಿಂಗಡಿಸಿ. ಕೊರಳಿನ ಕುಣಿಕೆ ಮುಚ್ಚುವಾಗ ಜಡೆಯ ಆರು ಕುಣಿಕೆಗಳ ಜಾಗದಲ್ಲಿ ಎರಡು ಸಲ ಎರಡೆರಡನ್ನು ಒಟ್ಟಿಗೆ ಹೆಣೆದು ಮುಚ್ಚಬೇಕು. ಇಲ್ಲವಾದರೆ ಅಲ್ಲಿ ಅಂಚು ಝಾಲರಿಯಂತೆ ಅಲೆಯಾಗುತ್ತದೆ. ಈ ಮಾತನ್ನು ಹೆಚ್ಚಿನ ಹಳೆಯ ಪುಸ್ತಕಗಳು ಹೇಳುವುದಿಲ್ಲ. ಭುಜದ ಕುಣಿಕೆಗಳನ್ನು ಮುಚ್ಚದೆ ದಾರಕ್ಕೆ ಪೋಣಿಸಿಡಿ. ಕರಾವಳಿಯ ಹವೆಯಲ್ಲಿ ಕಬ್ಬಿಣದ ಸೇಫ್ಟಿ ಪಿನ್ನಿನಲ್ಲಿ ಇಟ್ಟರೆ ತಿಂಗಳೊಳಗೆ ತುಕ್ಕಿನ ಕಲೆ ಬೀಳಬಹುದು, ಆ ಕಲೆ ಮತ್ತೆ ಹೋಗುವುದಿಲ್ಲ.

ಎರಡು ಮುಂಭಾಗಗಳು

ಎರಡು ಮುಂಭಾಗಗಳ ಅಗಲ ಬೆನ್ನಿನ ಅರ್ಧರ್ಧ ಅಲ್ಲ. ಗುಂಡಿಯ ಪಟ್ಟಿಗಳು ಒಂದರ ಮೇಲೊಂದು ಕೂರುವುದರಿಂದ, ಎರಡು ಮುಂಭಾಗ ಮತ್ತು ಒಂದು ಪಟ್ಟಿ ಸೇರಿ ಬೆನ್ನಿನ ಅಗಲ ಆಗಬೇಕು. ಪಟ್ಟಿ 3 ಸೆಂ.ಮೀ. ಆದರೆ ಒಂದೊಂದು ಮುಂಭಾಗ 24 ಸೆಂ.ಮೀ., ಅಂದರೆ 53 ಸಾದಾ ಕುಣಿಕೆ, ಎರಡು ಜಡೆಗಳಿಗಾಗಿ ನಾಲ್ಕು ಸೇರಿ 57. ಪಕ್ಕದಿಂದ ಮುಂದಂಚಿನವರೆಗೆ ಹಂಚಿಕೆ: 19 ಸಾದಾ, ಜಡೆಯ ಪಟ್ಟಿ, 14 ಸಾದಾ, ಜಡೆಯ ಪಟ್ಟಿ, 4 ಸಾದಾ. ಒಂದು ಮುಂಭಾಗದಲ್ಲಿ ಸಿ6ಎಫ್, ಇನ್ನೊಂದರಲ್ಲಿ ಸಿ6ಬಿ ಬಳಸಿದರೆ ಜಡೆಗಳು ಎದುರುಬದುರಾಗಿ ವಾಲಿ ನೋಟಕ್ಕೆ ಸಮತೋಲ ಬರುತ್ತದೆ.

ವಿ ಆಕಾರದ ಕೊರಳಿಗೆ ಕಂಕುಳದ ಸಾಲಿನಿಂದಲೇ ಇಳಿಕೆ ಆರಂಭಿಸಬೇಕು. ಕಂಕುಳದಲ್ಲಿ 13 ಹೋದ ಮೇಲೆ 44 ಉಳಿಯಬೇಕಾದದ್ದು, ಭುಜಕ್ಕೆ ಬೇಕಾದದ್ದು 28; ಆದ್ದರಿಂದ ಕೊರಳಿನ ಅಂಚಿನಲ್ಲಿ 16 ಇಳಿಯಬೇಕು. ಮೊದಲ ಆರನ್ನು ಎರಡು ಸಾಲಿಗೊಮ್ಮೆ, ಉಳಿದ ಹತ್ತನ್ನು ನಾಲ್ಕು ಸಾಲಿಗೊಮ್ಮೆ ಇಳಿಸಿದರೆ 52 ಸಾಲುಗಳಾಗುತ್ತವೆ, ಮೇಲೆ ನಾಲ್ಕು ಸಾಲು ಸಾದಾ ಹೆಣೆದರೆ ಬೆನ್ನಿನ 56ಕ್ಕೆ ಸರಿಹೊಂದುತ್ತದೆ. ಕಂಕುಳ, ಕೊರಳು, ಜಡೆ ಮೂರೂ ಒಟ್ಟಿಗೆ ನಡೆಯುವ ಈ 56 ಸಾಲುಗಳನ್ನು ಗೆರೆ ಹಾಕಿದ ಹಾಳೆಯಲ್ಲಿ ಸಾಲಿಗೊಂದು ಗೆರೆಯಂತೆ ಬರೆದಿಟ್ಟು, ಎಲ್ಲೆಲ್ಲಿ ಏನು ಎಂಬುದನ್ನು ಮೊದಲೇ ಗುರುತು ಹಾಕಿಕೊಳ್ಳಿ. ಅರ್ಧ ಗಂಟೆಯ ಬರವಣಿಗೆ ಎಷ್ಟೋ ಸಂಜೆಗಳ ಬಿಚ್ಚುವ ಕೆಲಸವನ್ನು ಉಳಿಸುತ್ತದೆ. ಕೊರಳಿನ ಇಳಿಕೆ ಒಳಗಿನ ಜಡೆಯನ್ನು ತಿನ್ನುತ್ತ ಬರುವುದರಿಂದ, ಅದರ ಆರು ಕುಣಿಕೆ ಪೂರ್ತಿ ಇಲ್ಲದ ಮೇಲೆ ದಾಟಿಸುವುದನ್ನು ನಿಲ್ಲಿಸಿ ಸಾದಾ ಹೆಣೆಯಬೇಕು.

ಬಲ ಮುಂಭಾಗಕ್ಕೆ ಪುಸ್ತಕ ‘ಎಡದಂತೆಯೇ, ಇಳಿಕೆಗಳನ್ನು ತಿರುಗಿಸಿ’ ಎಂದಷ್ಟೇ ಹೇಳಿ ಕೈ ತೊಳೆದುಕೊಳ್ಳುತ್ತದೆ. ಎಡ ಮುಂಭಾಗದ ಸಾಲಿನ ಆರಂಭದಲ್ಲಿ ಮಾಡಿದ್ದನ್ನು ಬಲದಲ್ಲಿ ಸಾಲಿನ ಕೊನೆಗೆ ಮಾಡಬೇಕು. ಕುಣಿಕೆ ಮುಚ್ಚುವುದು ಸಾಲಿನ ಆರಂಭದಲ್ಲಷ್ಟೇ ಸಾಧ್ಯವಾದ್ದರಿಂದ, ಅದು ಮಾತ್ರ ಒಂದು ಸಾಲು ತಡವಾಗಿ, ಹಿಂಬದಿಯ ಸಾಲಿನಲ್ಲಿ ಬರುತ್ತದೆ.

ತೋಳುಗಳು

ಎರಡು ತೋಳುಗಳನ್ನು ಎರಡು ಉಂಡೆಗಳಿಂದ ಒಂದೇ ಉದ್ದ ಕಡ್ಡಿಯ ಮೇಲೆ ಜೊತೆಯಾಗಿ ಹೆಣೆಯಿರಿ, ಆಗ ಒಂದು ಉದ್ದ ಇನ್ನೊಂದು ಗಿಡ್ಡ ಆಗುವ ಮಾತೇ ಇಲ್ಲ. 50 ಕುಣಿಕೆಯ ಬಾರ್ಡರ್ 6 ಸೆಂ.ಮೀ., ನಡುವಿನ ಒಂದು ಜಡೆಗಾಗಿ ಎರಡು ಹೆಚ್ಚಿಸಿ 52, ಆಮೇಲೆ ಎಂಟು ಸಾಲಿಗೊಮ್ಮೆ ಎರಡೂ ಬದಿಗೆ ಒಂದೊಂದರಂತೆ 12 ಸಲ ಹೆಚ್ಚಿಸಿ 76, ಒಟ್ಟು 104 ಸಾಲು (37 ಸೆಂ.ಮೀ.). ತೋಳಿನ ಉದ್ದ ಕಡಿಮೆ ಮಾಡಬೇಕಿದ್ದರೆ ಇಲ್ಲಿ ಮಾಡಿ. ಇದರ ಮೇಲಿನ ಗುಮ್ಮಟದಾಕಾರದ ಭಾಗವನ್ನು ಪುಸ್ತಕದಲ್ಲಿ ಇದ್ದಂತೆಯೇ ಹೆಣೆಯಬೇಕು, ಅದರ ಅಂಚಿನ ಉದ್ದಕ್ಕೂ ಕಂಕುಳದ ಅಂಚಿನ ಉದ್ದಕ್ಕೂ ಲೆಕ್ಕದ ನಂಟಿದೆ.

ಒಗೆದು, ಹರವಿ, ಜೋಡಿಸುವುದು

ಜೋಡಿಸುವ ಮೊದಲೇ ತುಂಡುಗಳನ್ನು ಒಗೆದು ಹದಗೊಳಿಸಬೇಕು. ಉಣ್ಣೆಗೆ ನಮ್ಮ ಅಂಟುವಾಳದ ಕಾಯಿಗಿಂತ ಒಳ್ಳೆಯದು ಇಲ್ಲ: ರಾತ್ರಿ ನೆನೆಹಾಕಿ, ಬೆಳಿಗ್ಗೆ ಕಿವುಚಿ, ಬಟ್ಟೆಯಲ್ಲಿ ಸೋಸಿ, ತಣ್ಣೀರಿಗೆ ಬೆರೆಸಿ ತುಂಡುಗಳನ್ನು ಇಪ್ಪತ್ತು ನಿಮಿಷ ಮುಳುಗಿಸಿಡಿ. ಅಚ್ಚ ಬಿಳಿಯ ನೂಲಿಗೆ ಅದರ ಕಂದು ಛಾಯೆ ತಗಲಬಹುದು, ಅದಕ್ಕೆ ಮೃದುವಾದ ದ್ರವ ಸಾಬೂನು ಒಳ್ಳೆಯದು. ತಿಕ್ಕಬಾರದು, ಹಿಂಡಬಾರದು, ಬಿಸಿನೀರು ಹಾಕಬಾರದು. ಉಣ್ಣೆ ಗಟ್ಟಿಯಾಗಿ ಕುಗ್ಗಿದರೆ ಅದಕ್ಕೆ ಮದ್ದಿಲ್ಲ. ಒಣ ಟವೆಲಿನಲ್ಲಿ ಸುತ್ತಿ ಒತ್ತಿ ನೀರು ತೆಗೆದು, ಚಾಪೆಯ ಮೇಲೆ ಎರಡು ಮಡಿಕೆಯ ಚಾದರ ಹಾಸಿ, ಅಳತೆಗೆ ಸರಿಯಾಗಿ ಹರವಿ, ತುಕ್ಕು ಹಿಡಿಯದ ಪಿನ್ನುಗಳಿಂದ ಅಂಚು ನಿಲ್ಲಿಸಿ ನೆರಳಿನಲ್ಲಿ ಒಣಗಿಸಿ. ಬಾರ್ಡರುಗಳನ್ನು ಎಳೆದು ಪಿನ್ ಮಾಡಬೇಡಿ. ಬಚ್ಚಲೊಲೆಯ ಮೇಲಿನ ಗಳುವಿಗೆ ತೂಗುಹಾಕಿದರೆ ಹೊಗೆಯ ವಾಸನೆ ಹಿಡಿಯುವುದಲ್ಲದೆ ನೀರಿನ ಭಾರಕ್ಕೆ ತುಂಡು ಉದ್ದಕ್ಕೆ ಜಗ್ಗುತ್ತದೆ. ಅಕ್ರಿಲಿಕ್ ಆದರೆ ಒಗೆದು ಹರವಿ ಒಣಗಿಸಿದರೆ ಸಾಕು. ಇಸ್ತ್ರಿ ಪೆಟ್ಟಿಗೆ ತಾಗಿಸಿದರೆ ಅದು ಶಾಶ್ವತವಾಗಿ ಜೋತುಬಿದ್ದು ಜಡೆಯ ಉಬ್ಬು ಸತ್ತುಹೋಗುತ್ತದೆ.

ಮೊದಲು ಭುಜ. ದಾರದಲ್ಲಿರುವ 28 ಕುಣಿಕೆಗಳನ್ನು ಎರಡು ಕಡ್ಡಿಗೆ ತೆಗೆದುಕೊಂಡು, ಮುಂಬದಿಗಳು ಒಳಗೆ ಬರುವಂತೆ ಹಿಡಿದು, ಮೂರನೆಯ ಕಡ್ಡಿಯಿಂದ ಎರಡೂ ತುಂಡುಗಳ ಒಂದೊಂದು ಕುಣಿಕೆಯನ್ನು ಒಟ್ಟಿಗೆ ಹೆಣೆಯುತ್ತ ಮುಚ್ಚುತ್ತ ಹೋಗಿ. ಜಡೆಯ ಜಾಗದಲ್ಲಿ ಎರಡು ಕುಣಿಕೆ ಕಡಿಮೆ ಮಾಡಲು ಮರೆಯಬೇಡಿ.

ಆಮೇಲೆ ಗುಂಡಿ ಪಟ್ಟಿ. ತೆಳು ಕಡ್ಡಿಯಿಂದ ಒಂದು ಮುಂಭಾಗದ ಅಂಚಿನುದ್ದಕ್ಕೂ, ಬೆನ್ನಿನ ಕೊರಳ ಸುತ್ತಲೂ, ಇನ್ನೊಂದು ಮುಂಭಾಗದ ಅಂಚಿನುದ್ದಕ್ಕೂ ಕುಣಿಕೆ ಎತ್ತಿಕೊಳ್ಳಬೇಕು. ಮುಂದಂಚುಗಳಲ್ಲಿ ನಾಲ್ಕು ಸಾಲಿಗೆ ಮೂರು ಕುಣಿಕೆ ಎತ್ತುವುದು ಸರಿಯಾದ ಲೆಕ್ಕ. ಸಾಲಿಗೊಂದರಂತೆ ಎತ್ತಿದರೆ ಪಟ್ಟಿ ಅಲೆಯಾಗುತ್ತದೆ, ತೀರಾ ಕಡಿಮೆ ಎತ್ತಿದರೆ ಮುಂದಂಚು ಮೇಲಕ್ಕೆ ಸೆಳೆಯುತ್ತದೆ. ಎರಡೂ ಬದಿಯಲ್ಲಿ ಎತ್ತಿದ ಸಂಖ್ಯೆ ಒಂದೇ ಇರಲಿ. ಹೆಂಗಸರ ಕಾರ್ಡಿಗನ್ನಿಗೆ ಕಾಜಾ ಬಲಬದಿಗೆ, ಗಂಡಸರದಕ್ಕೆ ಎಡಬದಿಗೆ. ಗುಂಡಿಗಳನ್ನು ಮೊದಲೇ ಕೊಂಡಿಟ್ಟುಕೊಂಡು, ಗುಂಡಿ ಕೂರುವ ಬದಿಯಲ್ಲಿ ಅವುಗಳ ಜಾಗವನ್ನು ದಾರದಿಂದ ಗುರುತಿಸಿ, ಪಟ್ಟಿಯ ನಡುಸಾಲಿಗೆ ಬಂದಾಗ ಎದುರು ಬದಿಯಲ್ಲಿ ಅದೇ ಜಾಗದಲ್ಲಿ ನೂಲನ್ನು ಕಡ್ಡಿಯ ಮೇಲೆ ಒಮ್ಮೆ ಸುತ್ತಿ ಮುಂದಿನ ಎರಡನ್ನು ಒಟ್ಟಿಗೆ ಹೆಣೆದರೆ ಮಧ್ಯಮ ಗುಂಡಿಗೆ ಸಾಕಾಗುವ ಕಾಜಾ ಆಗುತ್ತದೆ. ತೆಂಗಿನ ಚಿಪ್ಪಿನ ಗುಂಡಿಗಳು ತಿಳಿ ಬಣ್ಣದ ಉಣ್ಣೆಗೆ ಬಹಳ ಒಪ್ಪುತ್ತವೆ, ಆದರೆ ಅಂಚು ಒರಟಾಗಿದ್ದರೆ ಮರಳು ಕಾಗದದಿಂದ ಉಜ್ಜಿಯೇ ಹೊಲಿಯಬೇಕು.

ಅದಾದ ಮೇಲೆ ತೋಳನ್ನು ಕಂಕುಳಕ್ಕೆ ಕೂಡಿಸಬೇಕು. ತೋಳಿನ ನಡುವಿನ ಜಡೆ ಭುಜದ ಹೊಲಿಗೆಗೆ ನೇರ ಬರುವಂತೆ ಪಿನ್ ಮಾಡಿ, ಅಲ್ಲಿಂದ ಎರಡೂ ಕಡೆಗೆ ಹೊಲಿಯುತ್ತ ಇಳಿಯಿರಿ. ಕೊನೆಗೆ ತೋಳಿನ ಅಡಿ ಮತ್ತು ಪಕ್ಕಗಳನ್ನು ಬಾರ್ಡರಿನಿಂದ ಮೇಲಕ್ಕೆ, ಮುಂಬದಿ ಕಾಣುವಂತೆ ಇಟ್ಟುಕೊಂಡು, ಅಂಚಿನಿಂದ ಒಂದು ಕುಣಿಕೆ ಒಳಗಿನ ಅಡ್ಡ ನೂಲುಗಳನ್ನು ಎರಡೂ ತುಂಡುಗಳಿಂದ ಒಂದಾದ ಮೇಲೊಂದರಂತೆ ಸೂಜಿಗೆ ಎತ್ತುತ್ತ ಹೊಲಿಯಿರಿ. ನಾಲ್ಕೈದು ಸಲ ಎತ್ತಿದ ಮೇಲೆ ನೂಲನ್ನು ಮೆಲ್ಲನೆ ಎಳೆದರೆ ಹೊಲಿಗೆ ಒಳಗೆ ಅಡಗುತ್ತದೆ. ನೂಲಿನ ತುದಿಗಳಿಗೆ ಗಂಟು ಹಾಕದೆ ಹಿಂಬದಿಯಲ್ಲಿ, ಸಾಧ್ಯವಾದಷ್ಟೂ ಜಡೆಯ ಬೆನ್ನಿನಲ್ಲಿ, ಸೂಜಿಯಿಂದ ಹಾಯಿಸಿ ಕತ್ತರಿಸಿ.

ಚಳಿ ಮುಗಿದ ಮೇಲೆ ಒಗೆಯದೆ ಎತ್ತಿಡಬಾರದು, ಉಣ್ಣೆಯ ಹುಳ ಬೆವರು ಮತ್ತು ಎಣ್ಣೆಯ ಕಲೆಯಿರುವಲ್ಲೇ ಮೊದಲು ತಿನ್ನುತ್ತದೆ. ಪೂರ್ತಿ ಒಣಗಿದ ಮೇಲೆ ಹತ್ತಿ ಬಟ್ಟೆಯಲ್ಲಿ ಸುತ್ತಿ, ನಡುವೆ ಲಾವಂಚದ ಬೇರಿನ ಕಟ್ಟು ಇಟ್ಟು, ಮಡಚಿ ಇಡಿ. ಹ್ಯಾಂಗರಿಗೆ ತೂಗುಹಾಕಿದರೆ ಭುಜ ಇಳಿಯುತ್ತದೆ. ಮಳೆಗಾಲದ ನಡುವೆ ಬಿಸಿಲು ಬಂದ ದಿನ ಒಮ್ಮೆ ತೆಗೆದು ಗಾಳಿಗೆ ಹರವಿದರೆ ಬೂಷ್ಟು ಹಿಡಿಯುವುದಿಲ್ಲ. ಉಳಿದ ನೂಲಿನ ಒಂದು ಚಿಕ್ಕ ಲಡಿಯನ್ನು ಪಕ್ಕದ ಹೊಲಿಗೆಯ ಒಳಬದಿಗೆ ಸಡಿಲವಾಗಿ ಕಟ್ಟಿಟ್ಟು, ಪ್ರತಿ ಸಲ ಕಾರ್ಡಿಗನ್ನಿನ ಜೊತೆಗೇ ಅದೂ ನೆನೆದು ಒಣಗುವಂತೆ ನೋಡಿಕೊಳ್ಳಿ. ನಾಲ್ಕು ವರ್ಷದ ನಂತರ ಮೊಣಕೈ ಹರಿದಾಗ ತೇಪೆಗೆ ಬೇಕಾಗುವುದು ಉಂಡೆಯ ಹೊಸ ಬಣ್ಣವಲ್ಲ, ಅಷ್ಟೇ ಮಾಸಿದ ಈ ನೂಲು.